ಮೊಟ್ಟೆಯೊಳಗೆ ಸಂದೇಶ ಹೊರುವವರು, ಸಂದೇಶದ ಬಾಯಿ ಕಟ್ಟುವವರು

(ಶಿಡ್ಲಘಟ್ಟದಲ್ಲಿ ಬಿ.ಎಸ್‌ಸಿ. ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ರೇಷ್ಮೆ ಬೆಳೆಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದೆ.)

ಇಲ್ಲಿ ಕೂತವರಲ್ಲಿ ಸುಮಾರು ಜನರ ಮನೆಯಲ್ಲಿ ಹುಳು ಸಾಕುತ್ತಾರೆ, ಅಲ್ವಾ? ಹಾಗಾದರೆ ಮೊಟ್ಟೆಯಿಂದಲೇ ಶುರು ಮಾಡೋಣ. ಮೊಟ್ಟೆ ಹಾಳೆ ನೀವೆಲ್ಲ ನೋಡಿದ್ದೀರಿ. ಮರಿ ಹೊರಬರುವುದಕ್ಕೆ ಒಂದೆರಡು ದಿನ ಮುಂಚೆ ಪ್ರತಿ ಮೊಟ್ಟೆಯಲ್ಲೂ ಒಂದು ಕಪ್ಪು ಚುಕ್ಕೆ ಕಾಣಿಸುತ್ತದೆ. ಅದು ಹುಳುವಿನ ತಲೆ. ಅದಾದ ಮೇಲೆ ಇಡೀ ಮೊಟ್ಟೆ ನೀಲಿಗೆ ತಿರುಗುತ್ತದೆ. ಎಲ್ಲ ಮೊಟ್ಟೆಗಳೂ ಒಟ್ಟಿಗೆ ಒಡೆಯಲಿ ಅಂತ ಆಗ ಕತ್ತಲಲ್ಲಿ ಇಡುತ್ತೀರಿ.

ಆ ಕಪ್ಪು ಚುಕ್ಕೆ ಮೊಟ್ಟೆಯ ಯಾವ ತುದಿಯಲ್ಲಿ ಬರುತ್ತದೆ ಅಂತ ಯಾವತ್ತಾದರೂ ಗಮನಿಸಿದ್ದೀರಾ? ಮೊಟ್ಟೆಯ ಒಂದು ತುದಿಯಲ್ಲಿ ವೀರ್ಯಾಣು ಒಳಗೆ ಹೋಗುವ ಸಣ್ಣ ತೂತು ಇರುತ್ತದೆ. ತಲೆ ಬರುವುದು ಆ ಕಡೆಗೇ. ಒಂದು ಚಿಟ್ಟೆ ನಾನೂರು, ಐನೂರು ಮೊಟ್ಟೆ ಇಡುತ್ತದೆ. ಅಷ್ಟರಲ್ಲೂ ತಲೆ ಇರಬೇಕಾದ ಕಡೆಗೇ ಇರುತ್ತದೆ. ಇದನ್ನು ಯಾರು ತೀರ್ಮಾನ ಮಾಡುತ್ತಾರೆ?

ತಾಯಿ. ಮೊಟ್ಟೆ ತಾಯಿಯ ಹೊಟ್ಟೆಯಲ್ಲಿ ಬೆಳೆಯುವಾಗಲೇ ಮುಂದೆ ಯಾವುದು, ಹಿಂದೆ ಯಾವುದು ಎಂಬ ಲೆಕ್ಕ ಮುಗಿದಿರುತ್ತದೆ. ತಾಯಿ ಮೊಟ್ಟೆಗೆ ಬರೀ ಆಹಾರ ತುಂಬುವುದಿಲ್ಲ. ಸಂದೇಶಗಳನ್ನೂ ತುಂಬುತ್ತಾಳೆ, ಅದೂ ನಿರ್ದಿಷ್ಟ ಜಾಗದಲ್ಲಿ.

ತಾಯಿ ಮೊಟ್ಟೆಯೊಳಗೆ ಇಟ್ಟದ್ದು ಮಗುವಿನ ಹಣೆಬರಹ ಎಂಬುದನ್ನು ರೇಷ್ಮೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗಂಟುರೋಗ ಹಾಗೆಯೇ ಬರುವುದು. ತಾಯಿ ಚಿಟ್ಟೆಯ ಮೈಯಲ್ಲಿದ್ದ ನೊಸೀಮಾ ಜೀವಿ ಮೊಟ್ಟೆಯೊಳಗೆ ಸೇರಿ ಮರಿಗೂ ಅಂಟುತ್ತದೆ. 1865ರಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋದಾಗ ಅವರು ರೇಷ್ಮೆ ಹುಳುವನ್ನೇ ಸರಿಯಾಗಿ ನೋಡಿದವರಲ್ಲ. ಕೆಲವು ವರ್ಷ ಅಲ್ಲೇ ಕೆಲಸ ಮಾಡಿ ಒಂದು ಸರಳ ದಾರಿ ಕಂಡುಕೊಂಡರು. ಮೊಟ್ಟೆಯಿಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ಮಾಡುವುದು ಅದನ್ನೇ. ರೋಗರಹಿತ ಮೊಟ್ಟೆ ಅಂತ ನೀವು ದುಡ್ಡು ಕೊಟ್ಟು ತರುವುದು ತಾಯಿಯನ್ನು ಪರೀಕ್ಷೆ ಮಾಡಿದ ಮೊಟ್ಟೆ. ಇರಲಿ, ವಿಷಯಕ್ಕೆ ಬರುತ್ತೇನೆ.

ಸಂದೇಶ ಅಂದೆ. ನಾನು ಹೇಳುತ್ತಿರುವುದು ಎಂಆರ್‌ಎನ್‌ಎ ಬಗ್ಗೆ. ಕೋವಿಡ್ ಬಂದ ಮೇಲೆ ಈ ಹೆಸರು ಎಲ್ಲರ ಕಿವಿಗೂ ಬಿದ್ದಿದೆ. (ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಎಂಆರ್‌ಎನ್‌ಎ ಲಸಿಕೆಗಳಲ್ಲ, ಅದು ಬೇರೆ ಮಾತು.) ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಇದೆ. ಒಂದು ಜೀನಿನ ನಕಲು ಎಂಆರ್‌ಎನ್‌ಎ ರೂಪದಲ್ಲಿ ಹೊರಗೆ ಬರುತ್ತದೆ. ರೈಬೋಸೋಮ್ ಅದನ್ನು ಓದಿ ಪ್ರೋಟೀನು ಕಟ್ಟುತ್ತದೆ. ಪಿಯುಸಿಯಲ್ಲಿ ಇಷ್ಟು ಓದಿದ್ದೀರಿ. ಪುಸ್ತಕ ಬಿಟ್ಟುಬಿಡುವುದು ಒಂದು ಸಂಗತಿ: ಹೊರಗೆ ಬಂದ ಎಂಆರ್‌ಎನ್‌ಎ ಎಲ್ಲಿಗೆ ಹೋಗುತ್ತದೆ? ಎಲ್ಲೆಂದರಲ್ಲಿ ತೇಲುತ್ತಾ ಓದಿಸಿಕೊಳ್ಳುತ್ತದೆ ಅಂತ ಬಹಳ ಕಾಲ ಅಂದುಕೊಂಡಿದ್ದರು. 1983ರಲ್ಲಿ ವಿಲಿಯಂ ಜೆಫ್ರಿ ಮತ್ತು ಜೊತೆಗಾರರು ಸೀ ಸ್ಕ್ವರ್ಟ್ ಎಂಬ ಸಮುದ್ರ ಪ್ರಾಣಿಯ ಮೊಟ್ಟೆಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಂಆರ್‌ಎನ್‌ಎ ಒಂದೇ ಭಾಗದಲ್ಲಿ ಗುಂಪಾಗಿರುವುದನ್ನು ತೋರಿಸಿದರು. ಆ ಪ್ರಾಣಿಯ ಮೊಟ್ಟೆಯಲ್ಲಿ ಹಳದಿ ಭಾಗ ಒಂದಿದೆ, ಅದು ಮುಂದೆ ಬಾಲದ ಸ್ನಾಯುವಾಗುತ್ತದೆ ಅಂತ ಎಡ್ವಿನ್ ಕಾಂಕ್ಲಿನ್ 1905ರಲ್ಲೇ ಚಿತ್ರ ಬರೆದು ತೋರಿಸಿದ್ದರು. ಆ ಹಳದಿ ಭಾಗದಲ್ಲಿ ಸಂದೇಶವೂ ಕೂತಿದೆ ಅಂತ ತಿಳಿಯುವುದಕ್ಕೆ ಎಪ್ಪತ್ತೆಂಟು ವರ್ಷ ಬೇಕಾಯಿತು.

ಈ ವಿಷಯದಲ್ಲಿ ನಮಗೆ ಅತಿ ಹೆಚ್ಚು ಕಲಿಸಿಕೊಟ್ಟದ್ದು ಹಣ್ಣಿನ ನೊಣ. ಡ್ರೊಸಾಫಿಲಾ. ಈ ಸೀಮೆಯಲ್ಲಿ ದ್ರಾಕ್ಷಿ ಕೊಳೆತರೆ, ಶ್ರೀನಿವಾಸಪುರದ ಕಡೆ ಮಾವು ಕೊಳೆತರೆ ಮೇಲೆ ಹಾರಾಡುವ ಆ ಚಿಕ್ಕ ನೊಣಗಳ ಬಳಗವೇ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇವುಗಳ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ. ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಇಟ್ಟ ಒಂದು ದಿನಕ್ಕೆ ಮರಿ ಹೊರಗೆ.

ಜರ್ಮನಿಯಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಈ ನೊಣದ ಮೇಲೆ ಕೆಲಸ ಮಾಡುತ್ತಿದ್ದರು. 1995ರಲ್ಲಿ ಎರಿಕ್ ವೀಶಾಸ್ ಮತ್ತು ಎಡ್ವರ್ಡ್ ಲೂಯಿಸ್ ಜೊತೆ ನೊಬೆಲ್ ಪಡೆದವರು. ಬೈಕಾಯ್ಡ್ ಎಂಬ ಜೀನ್ ಕೆಟ್ಟ ತಾಯಿ ನೊಣ ಇಟ್ಟ ಮೊಟ್ಟೆಗಳಿಗೆ ತಲೆ ಬರುವುದಿಲ್ಲ, ಎದೆಯೂ ಬರುವುದಿಲ್ಲ. ತಲೆಯ ಜಾಗದಲ್ಲಿ ಬಾಲದ ತುದಿಯ ಭಾಗಗಳು ಬರುತ್ತವೆ. ತಂದೆ ಸರಿಯಿದ್ದರೂ ಪ್ರಯೋಜನವಿಲ್ಲ. ಆಗ ಅವರ ಗುಂಪು ಏನು ಮಾಡಿತು ಅಂದರೆ, ಸರಿಯಾದ ಮೊಟ್ಟೆಯ ಮುಂತುದಿಯಿಂದ ಸ್ವಲ್ಪ ದ್ರವ ಎಳೆದು ಕೆಟ್ಟ ಮೊಟ್ಟೆಯ ಮುಂತುದಿಗೆ ಚುಚ್ಚಿತು. ತಲೆಯ ಭಾಗಗಳು ಬಂದವು. ಮೊಟ್ಟೆಯ ನಡುಮಧ್ಯೆ ಚುಚ್ಚಿದರು. ತಲೆ ನಡುವಿನಲ್ಲಿ ಬಂತು! ಮುಂದೆ ಶುದ್ಧ ಬೈಕಾಯ್ಡ್ ಎಂಆರ್‌ಎನ್‌ಎ ಒಂದನ್ನೇ ಚುಚ್ಚಿ ನೋಡಿದರು. ಅದೇ ಫಲಿತಾಂಶ. ಅಂದರೆ ಆ ಸಂದೇಶ ಎಲ್ಲಿರುತ್ತದೋ ಅಲ್ಲಿ ತಲೆ.

ಹಾಗಾದರೆ ಅದನ್ನು ಮುಂತುದಿಯಲ್ಲಿ ಇಟ್ಟವರು ಯಾರು?

ನೊಣದ ಅಂಡಾಶಯದಲ್ಲಿ ಒಂದು ಕೋಶ ನಾಲ್ಕು ಸಲ ಒಡೆದು ಹದಿನಾರಾಗುತ್ತದೆ. ಅದರಲ್ಲಿ ಒಂದು ಮಾತ್ರ ಅಂಡಾಣು. ಉಳಿದ ಹದಿನೈದು ದಾದಿ ಕೋಶಗಳು. ಅವುಗಳ ನಡುವೆ ಸಣ್ಣ ಕಿಂಡಿಗಳಿವೆ. ರೇಷ್ಮೆ ಚಿಟ್ಟೆಯಲ್ಲೂ ಹೀಗೇ, ಆದರೆ ಅಲ್ಲಿ ಮೂರು ಸಲ ಒಡೆಯುತ್ತದೆ. ಏಳು ದಾದಿ, ಒಂದು ಅಂಡಾಣು. ಅಂಡಾಣುವಿನ ಸ್ವಂತ ಡಿಎನ್‌ಎ ಈ ಹೊತ್ತಿನಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಸಂದೇಶಗಳನ್ನು ತಯಾರಿಸುವುದು ದಾದಿಗಳು. ತಯಾರಾದದ್ದು ಕಿಂಡಿ ದಾಟಿ ಅಂಡಾಣುವಿಗೆ ಬರಬೇಕು. ಬಂದ ಮೇಲೆ ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಸೇರಬೇಕು.

ಎಂಆರ್‌ಎನ್‌ಎಯಲ್ಲಿ ಪ್ರೋಟೀನು ಕಟ್ಟುವ ಭಾಗ ಮುಗಿದ ಮೇಲೂ ಒಂದು ಉದ್ದನೆಯ ಹಿಂಭಾಗ ಇರುತ್ತದೆ. ಅದನ್ನು ರೈಬೋಸೋಮ್ ಓದುವುದಿಲ್ಲ. ವಿಳಾಸ ಬರೆದಿರುವುದು ಹೆಚ್ಚಾಗಿ ಅಲ್ಲಿ. ಆ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ಕುಣಿಕೆ, ಕಡ್ಡಿಗಳ ಆಕಾರ ತಾಳುತ್ತದೆ. ಆ ಆಕಾರವನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿವೆ. ಈ ಕ್ಷೇತ್ರದವರು ಅದನ್ನು ಜಿಪ್‌ಕೋಡ್ ಅಂತಲೇ ಕರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಪಿನ್‌ಕೋಡ್. ಕಾಗದದ ಮೇಲೆ 562105 ಅಂತ ಬರೆದರೆ ಶಿಡ್ಲಘಟ್ಟಕ್ಕೆ ಬಂತು ಅನ್ನುವ ಹಾಗೆ. ಈ ಹೋಲಿಕೆ ಕೇಳಲು ಚೆನ್ನಾಗಿದೆ. ಆದರೆ ಇದು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ. ಮೊದಲು ಹೊರುವವರನ್ನು ಪರಿಚಯ ಮಾಡಿಸುತ್ತೇನೆ.

ಕೋಶದೊಳಗೆ ಮೈಕ್ರೋಟ್ಯೂಬ್ಯೂಲ್ ಎಂಬ ಉದ್ದನೆಯ ಎಳೆಗಳಿವೆ. ಅವಕ್ಕೆ ಎರಡು ತುದಿ, ಒಂದು ಪ್ಲಸ್, ಒಂದು ಮೈನಸ್. ಡೈನೀನ್ ಎಂಬ ಮೋಟಾರ್ ಪ್ರೋಟೀನು ಮೈನಸ್ ಕಡೆ ನಡೆಯುತ್ತದೆ. ಕೈನೆಸಿನ್ ಪ್ಲಸ್ ಕಡೆ ನಡೆಯುತ್ತದೆ, ಒಂದೊಂದು ಹೆಜ್ಜೆ 8 ನ್ಯಾನೋಮೀಟರ್. ಮೋಟಾರ್‌ಗೆ ಎಂಆರ್‌ಎನ್‌ಎ ಗುರುತು ಸಿಗುವುದಿಲ್ಲ. ಇಬ್ಬರನ್ನೂ ಕೂಡಿಸಲು ಮಧ್ಯೆ ಬೇರೆಯವರು ಬೇಕು. ದಾದಿ ಕೋಶಗಳಲ್ಲಿ ಆ ಕೆಲಸ ಈಗಾಲಿಟೇರಿಯನ್ ಎಂಬ ಪ್ರೋಟೀನಿನದು. ಅದು ಒಂದು ಕಡೆ ಎಂಆರ್‌ಎನ್‌ಎಯ ಮಡಿಕೆಯನ್ನು ಹಿಡಿಯುತ್ತದೆ, ಇನ್ನೊಂದು ಕಡೆ ಬೈಕಾಡಲ್-ಡಿ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಡೈನೀನ್‌ಗೆ ಅಂಟಿಕೊಳ್ಳುತ್ತದೆ. ಹೀಗೆ ಸರಕು ಅಂಡಾಣುವಿಗೆ ಬರುತ್ತದೆ.

ಈಗ ಆಸ್ಕರ್ ಎಂಬ ಸಂದೇಶವನ್ನು ನೋಡೋಣ. ನನಗೆ ಇದು ಇಡೀ ಕ್ಷೇತ್ರದಲ್ಲೇ ತುಂಬ ಇಷ್ಟವಾದ ಕಥೆ. ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಂಡರೆ ಬೇಸರ ಮಾಡಿಕೊಳ್ಳಬೇಡಿ.

ಆಸ್ಕರ್ ಸೇರಬೇಕಾದ್ದು ಮೊಟ್ಟೆಯ ಹಿಂತುದಿಗೆ. ಅಲ್ಲಿ ಅದು ಪ್ರೋಟೀನಾದರೆ ಎರಡು ಕೆಲಸ ಆಗುತ್ತವೆ. ಹೊಟ್ಟೆಯ ಭಾಗ ಬರುತ್ತದೆ. ಮುಂದೆ ಅಂಡಾಣು, ವೀರ್ಯಾಣುಗಳಾಗುವ ಬೀಜಕೋಶಗಳು ಹುಟ್ಟುತ್ತವೆ. ಆಸ್ಕರ್ ಅಂಡಾಣುವಿಗೆ ಬರುವುದು ಡೈನೀನ್ ಮೇಲೆ. ಆದರೆ ಅಂಡಾಣುವಿನ ಒಳಗೆ ಎಳೆಗಳ ಮೈನಸ್ ತುದಿಗಳು ಹೆಚ್ಚಾಗಿ ಮುಂದೆ ಮತ್ತು ಪಕ್ಕಗಳಲ್ಲಿವೆ. ಡೈನೀನನ್ನೇ ನಂಬಿಕೊಂಡರೆ ಆಸ್ಕರ್ ಮುಂದೆಯೇ ಉಳಿದುಬಿಡುತ್ತದೆ. ಹಿಂದಕ್ಕೆ ಹೋಗಬೇಕಾದರೆ ಕೈನೆಸಿನ್ ಹತ್ತಬೇಕು. ಮೋಟಾರ್ ಬದಲಾಯಿಸಬೇಕು. ಯಾವಾಗ ಬದಲಾಯಿಸಬೇಕು ಅಂತ ಅದಕ್ಕೆ ಹೇಗೆ ತಿಳಿಯಬೇಕು?

ಇಲ್ಲಿ ಸ್ಟೌಫೆನ್ ಬರುತ್ತದೆ. ಇದು ಎರಡೆಳೆಯಾಗಿ ಮಡಚಿದ ಆರ್‌ಎನ್‌ಎಯನ್ನು ಹಿಡಿಯುವ ಪ್ರೋಟೀನು. ಸ್ಟೌಫೆನ್ ಇಲ್ಲದ ತಾಯಿಯ ಮೊಟ್ಟೆಯಲ್ಲಿ ಆಸ್ಕರ್ ಹಿಂದಕ್ಕೆ ಹೋಗುವುದಿಲ್ಲ, ಬೈಕಾಯ್ಡ್ ಮುಂದೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಇದು 1991ರಿಂದಲೇ ಗೊತ್ತಿತ್ತು. ಏನು ಮಾಡುತ್ತದೆ ಅಂತ ಬಿಡಿಸಿ ಹೇಳಿದ್ದು ಇತ್ತೀಚಿನ ವರ್ಷಗಳಲ್ಲಿ. ಸ್ಟೌಫೆನ್ ಬಂದು ಆಸ್ಕರ್‌ಗೆ ಅಂಟಿದರೆ ಈಗಾಲಿಟೇರಿಯನ್ ಕಳಚಿಕೊಳ್ಳುತ್ತದೆ. ಡೈನೀನ್ ಹಿಡಿತ ಸಡಿಲವಾಗುತ್ತದೆ. ಕೈನೆಸಿನ್ ಕೈ ಮೇಲಾಗುತ್ತದೆ. ಸರಿ, ಹಾಗಾದರೆ ದಾದಿ ಕೋಶದಲ್ಲೇ ಸ್ಟೌಫೆನ್ ಬಂದು ಕಳಚಿಬಿಟ್ಟರೆ? ಆಸ್ಕರ್ ಅಂಡಾಣುವಿಗೆ ಬರುವುದೇ ಇಲ್ಲವಲ್ಲ? ಅದಕ್ಕೆ ವ್ಯವಸ್ಥೆ ಹೀಗಿದೆ. ಸ್ಟೌಫೆನ್‌ನ ಎಂಆರ್‌ಎನ್‌ಎಯನ್ನೂ ಅಂಡಾಣುವಿಗೆ ಹೊತ್ತು ತರುವುದು ಈಗಾಲಿಟೇರಿಯನ್ ಮತ್ತು ಡೈನೀನ್ ಕೂಟವೇ. ತಮ್ಮನ್ನು ಇಳಿಸುವವನ ಸಂದೇಶವನ್ನು ತಾವೇ ಹೊತ್ತು ತರುತ್ತವೆ! ಹಾಗಾಗಿ ದಾದಿ ಕೋಶಗಳಲ್ಲಿ ಸ್ಟೌಫೆನ್ ಕಡಿಮೆ, ಅಂಡಾಣುವಿನಲ್ಲಿ ಅದು ನಿಧಾನಕ್ಕೆ ಹೆಚ್ಚುತ್ತದೆ. ಸಾಕಷ್ಟು ಹೆಚ್ಚಿದಾಗ ಮೋಟಾರ್ ಬದಲಾಗುತ್ತದೆ. ಗಡಿಯಾರವೂ ಬೇಡ, ಮೇಲ್ವಿಚಾರಕನೂ ಬೇಡ. ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇನ್ನೊಂದು ಸೂಕ್ಷ್ಮವಿದೆ. ಆಸ್ಕರ್‌ನ ಮೂಲ ನಕಲಿನಲ್ಲಿ ಮಧ್ಯೆ ಬೇಡದ ತುಂಡುಗಳಿರುತ್ತವೆ. ಅವನ್ನು ಕೋಶಕೇಂದ್ರದಲ್ಲಿ ಕತ್ತರಿಸಿ ಎರಡು ಕಡೆಯನ್ನೂ ಜೋಡಿಸುತ್ತಾರೆ. ಜೋಡಿಸಿದ ಜಾಗದ ಹತ್ತಿರ ಒಂದು ಪ್ರೋಟೀನು ಗುಂಪು ಉಳಿದುಕೊಳ್ಳುತ್ತದೆ. 2004ರಲ್ಲಿ ಆನ್ ಎಫ್ರುಸ್ಸಿ ಪ್ರಯೋಗಾಲಯದವರು ಒಂದು ಪ್ರಯೋಗ ಮಾಡಿದರು. ಕತ್ತರಿಸುವ ಅಗತ್ಯವೇ ಇಲ್ಲದ ಆಸ್ಕರ್ ತಯಾರಿಸಿದರು. ಅಂತಿಮ ಅಕ್ಷರಗಳು ಅವೇ. ಆದರೂ ಅದು ಹಿಂದಕ್ಕೆ ಹೋಗಲಿಲ್ಲ. ಅಂದರೆ ಕೇಂದ್ರದೊಳಗೆ ಏನಾಯಿತು ಎಂಬುದರ ಗುರುತು ಹೊರಗಿನ ಪ್ರಯಾಣದಲ್ಲೂ ಜೊತೆಗಿರಬೇಕು. ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಿ. ಅಕ್ಷರ ಓದಿದರೆ ಎಲ್ಲ ತಿಳಿಯಿತು ಅಂತ ಅಂದುಕೊಳ್ಳಬಾರದು. ಅಕ್ಷರದ ಮೇಲೆ ಯಾರು ಯಾರು ಕೂತಿದ್ದಾರೆ ಅಂತಲೂ ನೋಡಬೇಕು.

ಈಗ ಪಿನ್‌ಕೋಡ್ ಹೋಲಿಕೆ ಎಲ್ಲಿ ಎಡವುತ್ತದೆ ಅಂತ ಹೇಳುತ್ತೇನೆ. ಇಷ್ಟೆಲ್ಲ ವ್ಯವಸ್ಥೆ ಇದೆಯಲ್ಲ, ಕೈನೆಸಿನ್ ಹತ್ತಿದ ಆಸ್ಕರ್ ನೇರವಾಗಿ ಹಿಂದಕ್ಕೆ ಓಡುತ್ತದೆ ಅಂತ ನೀವು ಭಾವಿಸಬಹುದು. ಎಲ್ಲರೂ ಹಾಗೇ ಭಾವಿಸಿದ್ದರು. 2008ರಲ್ಲಿ ಡೇನಿಯಲ್ ಸೇಂಟ್ ಜಾನ್‌ಸ್ಟನ್ ಅವರ ಗುಂಪು ಆಸ್ಕರ್‌ಗೆ ಹೊಳೆಯುವ ಗುರುತು ಹಚ್ಚಿ ಜೀವಂತ ಅಂಡಾಣುವಿನಲ್ಲಿ ವಿಡಿಯೋ ತೆಗೆಯಿತು. ಕಣಗಳು ಎಲ್ಲ ದಿಕ್ಕಿಗೂ ಓಡುತ್ತಿದ್ದವು! ಮುಂದೆ, ಹಿಂದೆ, ಪಕ್ಕಕ್ಕೆ. ಲೆಕ್ಕ ಹಾಕಿದಾಗ ಹಿಂದಕ್ಕೆ ಹೋಗುವವು ಸ್ವಲ್ಪ ಜಾಸ್ತಿ ಇದ್ದವು ಅಷ್ಟೆ. ಯಾಕೆಂದರೆ ಎಳೆಗಳೇ ಅಡ್ಡಾದಿಡ್ಡಿ ಹರಡಿವೆ, ಅವುಗಳ ಪ್ಲಸ್ ತುದಿಗಳು ಹಿಂದಕ್ಕೆ ಸ್ವಲ್ಪವೇ ವಾಲಿವೆ. ಗಂಟೆಗಟ್ಟಲೆ ಹೀಗೆ ಓಡಾಡಿದ ಮೇಲೆ ಆ ಸಣ್ಣ ವಾಲಿಕೆಯೇ ಸಾಕಾಗಿ ಹೆಚ್ಚಿನವು ಹಿಂತುದಿಗೆ ಬಂದು ಸೇರುತ್ತವೆ.

ನಾನೋಸ್ ಎಂಬ ಇನ್ನೊಂದು ಸಂದೇಶದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅದು ಕೂಡ ಹಿಂತುದಿಯಲ್ಲಿ ಇರಬೇಕಾದ್ದು. ಎಲಿಜಬೆತ್ ಗೇವಿಸ್ ಪ್ರಯೋಗಾಲಯದವರು ಅಳೆದು ನೋಡಿದರು. ಭ್ರೂಣದಲ್ಲಿರುವ ನಾನೋಸ್ ಎಂಆರ್‌ಎನ್‌ಎಯಲ್ಲಿ ಹಿಂತುದಿಯಲ್ಲಿ ಇದ್ದದ್ದು ಸುಮಾರು ನೂರಕ್ಕೆ 4 ಭಾಗ. ಉಳಿದ 96 ಭಾಗ ಮೊಟ್ಟೆ ತುಂಬ ಹರಡಿಕೊಂಡಿತ್ತು. ದಾದಿ ಕೋಶಗಳು ಕೊನೆಗೆ ತಮ್ಮ ಸರಕನ್ನೆಲ್ಲ ಅಂಡಾಣುವಿಗೆ ಸುರಿದಾಗ ಒಳಗಿನ ದ್ರವ ಸುಳಿದಾಡುತ್ತದೆ. ಆ ಸುಳಿಯಲ್ಲಿ ತೇಲುತ್ತಾ ಬಂದ ನಾನೋಸ್‌ನಲ್ಲಿ ಒಂದಷ್ಟು ಹಿಂತುದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಇದನ್ನು ವಿಳಾಸಕ್ಕೆ ತಲುಪಿಸುವುದು ಅಂತ ಹೇಗೆ ಕರೆಯುವುದು? ನೂರು ಕಾಗದದಲ್ಲಿ ನಾಲ್ಕು ತಲುಪಿಸುವ ಅಂಚೆಯಣ್ಣನಿಗೆ ಸಂಬಳ ಕೊಡುತ್ತೀರಾ?

ಆದರೂ ನೊಣದ ಮರಿ ಸರಿಯಾಗಿಯೇ ಹುಟ್ಟುತ್ತದೆ. ಹೇಗೆ?

ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನು. ಸಾಗಿಸುವುದು ಅರ್ಧ ಕೆಲಸ, ಅದೂ ಚಿಕ್ಕ ಅರ್ಧ. ದೊಡ್ಡ ಅರ್ಧ ಬಾಯಿ ಕಟ್ಟುವುದು. ತಪ್ಪು ಜಾಗದಲ್ಲಿರುವ ಸಂದೇಶ ಓದಿಸಿಕೊಳ್ಳದ ಹಾಗೆ ತಡೆಯುವುದು.

ನಾನೋಸ್‌ನ ಹಿಂಭಾಗದಲ್ಲಿರುವ ಒಂದು ಕುಣಿಕೆಗೆ ಸ್ಮಾಗ್ ಎಂಬ ಪ್ರೋಟೀನು ಅಂಟುತ್ತದೆ. ಅದು ಅಂಟಿದರೆ ರೈಬೋಸೋಮ್ ಆ ಸಂದೇಶವನ್ನು ಓದುವುದಿಲ್ಲ. ಅಷ್ಟೇ ಅಲ್ಲ, ಸಂದೇಶದ ಕೊನೆಯಲ್ಲಿ ಅಡಿನೀನ್ ಎಂಬ ಒಂದೇ ಅಕ್ಷರ ಸಾಲಾಗಿರುವ ಬಾಲವನ್ನು ಕತ್ತರಿಸುವವರನ್ನೂ ಸ್ಮಾಗ್ ಕರೆತರುತ್ತದೆ. ಬಾಲ ಹೋದ ಸಂದೇಶ ಬೇಗ ನಾಶವಾಗುತ್ತದೆ. ಹಿಂತುದಿಯಲ್ಲಿ ಮಾತ್ರ ಆಸ್ಕರ್ ಪ್ರೋಟೀನು ಕೂತಿದೆ. ಅದು ಸ್ಮಾಗ್‌ಗೆ ಅಡ್ಡ ಬರುತ್ತದೆ. ಹಾಗಾಗಿ ಅಲ್ಲಿರುವ 4 ಭಾಗ ಮಾತ್ರ ಓದಿಸಿಕೊಳ್ಳುತ್ತದೆ. ಮೊಟ್ಟೆ ತುಂಬ ಸಂದೇಶ ಇದ್ದರೂ ಪ್ರೋಟೀನು ಹುಟ್ಟುವುದು ಒಂದೇ ಮೂಲೆಯಲ್ಲಿ.

ಆ ನಾನೋಸ್ ಪ್ರೋಟೀನು ಮಾಡುವ ಕೆಲಸ ಏನು ಗೊತ್ತಾ? ಪ್ಯುಮಿಲಿಯೋ ಎಂಬ ಜೊತೆಗಾರನೊಂದಿಗೆ ಸೇರಿ ಹಂಚ್‌ಬ್ಯಾಕ್ ಎಂಬ ಇನ್ನೊಂದು ಸಂದೇಶದ ಬಾಯಿ ಕಟ್ಟುವುದು. ಹಂಚ್‌ಬ್ಯಾಕ್ ಹಿಂದುಗಡೆ ಸುಮ್ಮನಾದರೆ ಮಾತ್ರ ಅಲ್ಲಿ ಹೊಟ್ಟೆ ಬರುತ್ತದೆ. ಒಬ್ಬರ ಬಾಯಿ ಕಟ್ಟುವವನ ಬಾಯಿ ಕಟ್ಟಿ, ಅದನ್ನು ಒಂದೇ ಕಡೆ ಬಿಚ್ಚಿ... ತಲೆ ಸುತ್ತುತ್ತದೆ, ನಿಜ. ಕಾಗದದ ಮೇಲೆ ಬಾಣದ ಗುರುತು ಹಾಕಿಕೊಂಡು ಬರೆದರೆ ಹತ್ತು ನಿಮಿಷದಲ್ಲಿ ಹಿಡಿತಕ್ಕೆ ಬರುತ್ತದೆ.

ಆಸ್ಕರ್ ಕೂಡ ದಾರಿಯುದ್ದಕ್ಕೂ ಬಾಯಿ ಕಟ್ಟಿಸಿಕೊಂಡೇ ಬರುತ್ತದೆ. ಬ್ರೂನೋ ಎಂಬ ಪ್ರೋಟೀನು ಅದರ ಹಿಂಭಾಗಕ್ಕೆ ಅಂಟಿ ಕಪ್ ಎಂಬುದನ್ನು ಕರೆತರುತ್ತದೆ. ಓದುವ ಕೆಲಸ ಶುರುವಾಗುವುದು ಸಂದೇಶದ ಮುಂತುದಿಯಲ್ಲಿ. ಅಲ್ಲಿ ಕೂರುವ ಪ್ರೋಟೀನನ್ನು ಕಪ್ ಹಿಡಿದುಕೊಂಡು ರೈಬೋಸೋಮ್ ಹತ್ತಿರ ಬರದ ಹಾಗೆ ಮಾಡುತ್ತದೆ. ಹಿಂತುದಿ ತಲುಪಿದ ಮೇಲೆ ಈ ಕಟ್ಟು ಬಿಚ್ಚುತ್ತದೆ. ಬೈಕಾಯ್ಡ್ ಮುಂದೆ ಬೇಗ ಬಂದು ಕೂತರೂ ಮೊಟ್ಟೆ ಹೊರಬೀಳುವ ತನಕ ಸುಮ್ಮನಿರುತ್ತದೆ. ಆಮೇಲೆ ಅದರ ಅಡಿನೀನ್ ಬಾಲ ಉದ್ದವಾಗುತ್ತದೆ, ಓದು ಶುರುವಾಗುತ್ತದೆ.

ಬಾಯಿ ಕಟ್ಟದಿದ್ದರೆ ಏನಾಗುತ್ತದೆ? 1992ರಲ್ಲಿ ಎರಡು ಪ್ರಯೋಗ ನಡೆದವು. ಆನ್ ಎಫ್ರುಸ್ಸಿ ಮತ್ತು ರೂತ್ ಲೇಮನ್ ಆಸ್ಕರ್‌ನ ಓದುವ ಭಾಗಕ್ಕೆ ಬೈಕಾಯ್ಡ್‌ನ ಹಿಂಭಾಗ ಜೋಡಿಸಿದರು. ಆಸ್ಕರ್ ಮುಂತುದಿಗೆ ಹೋಯಿತು, ಅಲ್ಲಿ ಅದನ್ನು ತಡೆಯುವವರು ಯಾರೂ ಇರಲಿಲ್ಲ. ತಲೆ ಬರಬೇಕಾದ ಜಾಗದಲ್ಲಿ ಬೀಜಕೋಶಗಳು ಬಂದವು! ಗೇವಿಸ್ ಮತ್ತು ಲೇಮನ್ ನಾನೋಸ್‌ಗೆ ಅದೇ ಹಿಂಭಾಗ ಜೋಡಿಸಿದರು. ತಲೆಯಿಲ್ಲದೆ ಎರಡು ಕಡೆಯೂ ಹೊಟ್ಟೆಯಿರುವ ಭ್ರೂಣಗಳು ಬಂದವು. ಹಿಂಭಾಗ ಬದಲಾಯಿಸಿದಾಗ ಅವರು ಬದಲಾಯಿಸಿದ್ದು ಜಾಗವನ್ನಷ್ಟೇ ಅಲ್ಲ, ತಡೆಯನ್ನೂ ಕಿತ್ತುಹಾಕಿದ್ದರು. ಪಠ್ಯಪುಸ್ತಕಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ. ಅದು ನನ್ನ ತಕರಾರು.

ಇದು ನೊಣದ ಒಂದು ವಿಚಿತ್ರ ಅಂತ ತಳ್ಳಿಹಾಕುವ ಹಾಗಿಲ್ಲ. 2007ರಲ್ಲಿ ಟೊರಾಂಟೋದ ಹೆನ್ರಿ ಕ್ರೌಸ್ ಗುಂಪು ನೊಣದ ಭ್ರೂಣದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜೀನುಗಳ ಎಂಆರ್‌ಎನ್‌ಎ ಎಲ್ಲೆಲ್ಲಿದೆ ಅಂತ ನೋಡಿತು. 71 ಶೇಕಡಾ ಸಂದೇಶಗಳು ಕೋಶದೊಳಗೆ ನಿರ್ದಿಷ್ಟ ಜಾಗದಲ್ಲಿ ಇದ್ದವು. ಕಪ್ಪೆಗೆ ಬಂದರೆ, ಆಫ್ರಿಕಾದ ಝೆನೋಪಸ್ ಕಪ್ಪೆಯ ಮೊಟ್ಟೆಯಲ್ಲಿ ವಿಜಿ1 ಎಂಬ ಸಂದೇಶ ಕೆಳಭಾಗದ ಅಂಚಿನಲ್ಲಿ ಕೂರುತ್ತದೆ. ಕೋಳಿಗೆ ಬಂದರೆ, ಹರಿದಾಡುವ ಕೋಶದ ಮುಂಚೂಣಿಯಲ್ಲಿ ಆಕ್ಟಿನ್ ಸಂದೇಶ ಇರುತ್ತದೆ. ರಾಬರ್ಟ್ ಸಿಂಗರ್ ಪ್ರಯೋಗಾಲಯದವರು ಅದರ ವಿಳಾಸ 54 ಅಕ್ಷರಗಳ ಒಂದು ತುಂಡಿನಲ್ಲಿದೆ ಅಂತ ತೋರಿಸಿದರು. ಅದನ್ನು ಹಿಡಿಯುವ ಪ್ರೋಟೀನಿಗೆ ಝಡ್‌ಬಿಪಿ1 ಅಂತ ಹೆಸರಿಟ್ಟರು. ಕಪ್ಪೆಯಲ್ಲಿ ವಿಜಿ1 ಹಿಡಿಯುವ ಪ್ರೋಟೀನನ್ನು ಬೇರೆಯವರು ಬೇರೆ ದಾರಿಯಲ್ಲಿ ಹುಡುಕಿ ತೆಗೆದರು. ಎರಡನ್ನೂ ಪಕ್ಕ ಇಟ್ಟು ನೋಡಿದರೆ ಒಂದೇ ಮನೆತನ! ಕಪ್ಪೆ ಮೊಟ್ಟೆಯ ಕೆಲಸಕ್ಕೂ ಕೋಳಿ ಕೋಶದ ಓಡಾಟಕ್ಕೂ ಒಬ್ಬನೇ ಆಳು.

ಝಡ್‌ಬಿಪಿ1 ಕೂಡ ಹೊರುವುದರ ಜೊತೆಗೆ ಬಾಯಿ ಕಟ್ಟುತ್ತದೆ. ಬಿಚ್ಚುವುದು ಯಾರು ಅಂದರೆ ಎಸ್‌ಆರ್‌ಸಿ ಎಂಬ ಕಿಣ್ವ. ಅದು ಝಡ್‌ಬಿಪಿ1ನ ಒಂದು ನಿರ್ದಿಷ್ಟ ಜಾಗದ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಅಂಟಿಸುತ್ತದೆ. ಹಿಡಿತ ಬಿಡುತ್ತದೆ, ಆಕ್ಟಿನ್ ಪ್ರೋಟೀನು ತಯಾರಾಗುತ್ತದೆ. ಎಸ್‌ಆರ್‌ಸಿ ಚುರುಕಾಗಿರುವುದು ಕೋಶದ ಅಂಚಿನ ಹತ್ತಿರ. ಹಾಗಾಗಿ ತಲುಪಬೇಕಾದ ಕಡೆ ತಲುಪಿದಾಗಲೇ ಬಾಯಿ ತೆರೆಯುತ್ತದೆ. ಬೆಳೆಯುತ್ತಿರುವ ನರಕೋಶದ ತುದಿ ತನ್ನ ದಾರಿ ಹುಡುಕುವಾಗಲೂ ಇದೇ ಏರ್ಪಾಡು ಕೆಲಸಕ್ಕೆ ಬರುತ್ತದೆ.

ನೇರ ಪ್ರೋಟೀನನ್ನೇ ಸಾಗಿಸಿದರೆ ಆಗದೇ, ಸಂದೇಶವನ್ನೇ ಯಾಕೆ ಹೊರಬೇಕು ಅಂತ ಕೇಳಬಹುದು. ಒಂದು ಎಂಆರ್‌ಎನ್‌ಎಯಿಂದ ಬಹಳಷ್ಟು ಪ್ರೋಟೀನು ಕಟ್ಟಬಹುದು, ಹೊರುವ ಖರ್ಚು ಕಡಿಮೆ. ಜೊತೆಗೆ ಪ್ರೋಟೀನು ದಾರಿಯಲ್ಲೆಲ್ಲ ಕೆಲಸ ಮಾಡಿಬಿಟ್ಟರೆ ಅನಾಹುತ. ಎರಡನೆಯ ಕಾರಣವೇ ದೊಡ್ಡದು ಅಂತ ನನಗೆ ಅನಿಸುತ್ತದೆ. ಮೊಟ್ಟೆಯ ನಡುವೆ ತಲೆ ಬಂದದ್ದನ್ನು ಆಗಲೇ ಹೇಳಿದೆನಲ್ಲ.

ಒಬ್ಬ ಶಿಕ್ಷಕರು ಕೇಳಿದರು: ಮನುಷ್ಯರಲ್ಲೂ ಹೀಗೇನಾ ಸಾರ್?

ನಮ್ಮ ಮೊಟ್ಟೆಯಲ್ಲಿ ಹೀಗಿಲ್ಲ. ಇಲಿ, ಮನುಷ್ಯರಂಥ ಸಸ್ತನಿಗಳಲ್ಲಿ ಬೀಜಕೋಶಗಳು ಯಾವುವು ಎಂಬುದನ್ನು ತಾಯಿ ಮೊಟ್ಟೆಯಲ್ಲಿ ಮೊದಲೇ ಗುರುತು ಮಾಡಿಡುವುದಿಲ್ಲ. ಭ್ರೂಣ ಸ್ವಲ್ಪ ಬೆಳೆದ ಮೇಲೆ ಪಕ್ಕದ ಕೋಶಗಳು ಬಿಎಂಪಿ4ರಂಥ ಸಂಕೇತ ಕಳಿಸಿ ತೀರ್ಮಾನ ಮಾಡುತ್ತವೆ. ಆದರೆ ನಮ್ಮ ಮಿದುಳಿನಲ್ಲಿ ಈ ಏರ್ಪಾಡು ತುಂಬ ಇದೆ. ನರಕೋಶದ ಕೊಂಬೆಗಳು ಕೋಶಕೇಂದ್ರದಿಂದ ಬಹಳ ದೂರ ಚಾಚಿರುತ್ತವೆ. ಅಲ್ಲಿಗೆ ಎಂಆರ್‌ಎನ್‌ಎ ಹೊತ್ತುಕೊಂಡು ಹೋಗಿ ಬೇಕಾದಾಗ ಓದಿಸುತ್ತಾರೆ. ಸ್ಟೌಫೆನ್ ಸಂಬಂಧಿಕರು ಅಲ್ಲೂ ಇದ್ದಾರೆ. ಫ್ರಾಜೈಲ್ ಎಕ್ಸ್ ಎಂಬ ಕಾಯಿಲೆ ಕೇಳಿರಬಹುದು. ಮಕ್ಕಳ ಬುದ್ಧಿ ಬೆಳವಣಿಗೆ ಕುಂಠಿತವಾಗುವುದಕ್ಕೆ ವಂಶದಿಂದ ಬರುವ ಕಾರಣಗಳಲ್ಲಿ ಮುಖ್ಯವಾದದ್ದು. ಅದರ ಜೀನನ್ನು 1991ರಲ್ಲಿ ಗುರುತಿಸಿದರು. ಅದರಲ್ಲಿ ಸಿಜಿಜಿ ಎಂಬ ಮೂರು ಅಕ್ಷರ ಇನ್ನೂರಕ್ಕೂ ಹೆಚ್ಚು ಸಲ ಮರುಕಳಿಸಿದರೆ ಜೀನ್ ಮುಚ್ಚಿಹೋಗುತ್ತದೆ, ಎಫ್‌ಎಂಆರ್‌ಪಿ ಎಂಬ ಪ್ರೋಟೀನು ಇಲ್ಲವಾಗುತ್ತದೆ. ಆ ಪ್ರೋಟೀನಿನ ಮುಖ್ಯ ಕೆಲಸ ಬಾಯಿ ಕಟ್ಟುವುದೇ. ಅದಿಲ್ಲದ ಇಲಿಗಳ ಮಿದುಳಿನಲ್ಲಿ ಪ್ರೋಟೀನು ತಯಾರಿಕೆ ಜಾಸ್ತಿಯಾಗುತ್ತದೆ. ಆ ಹೆಚ್ಚಳವನ್ನು ತಗ್ಗಿಸುವ ಔಷಧಿಗಳು ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದವು. ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷಿಸಿದ ಫಲ ಸಿಗಲಿಲ್ಲ.

ಇನ್ನೊಬ್ಬರು, ಹುಳು ಸಾಕುವವರೇ, ಎದ್ದು ಕೇಳಿದರು: ಇದರಿಂದ ಗೂಡಿನ ತೂಕ ಜಾಸ್ತಿ ಆಗುತ್ತಾ?

ಈ ಬೆಳೆಗೆ ಆಗಲ್ಲ, ಯಜಮಾನರೇ. ರೇಷ್ಮೆ ಹುಳುವಿನಲ್ಲಿ ಬೈಕಾಯ್ಡ್ ಜೀನ್ ಇಲ್ಲ, ಆಸ್ಕರ್ ಕೂಡ ಇಲ್ಲ. ಅದು ಬೇರೆ ಆಳುಗಳನ್ನು ಇಟ್ಟುಕೊಂಡಿದೆ. ನಾನೋಸ್ ಸಂಬಂಧಿಕರು ಮಾತ್ರ ಇದ್ದಾರೆ. ಆದರೆ ಈ ತಿಳಿವಳಿಕೆ ತಳಿ ಮಾಡುವವರಿಗೆ ನೇರವಾಗಿ ಬೇಕು. ಹುಳುವಿಗೆ ಹೊಸ ಜೀನ್ ಸೇರಿಸುವ ಕೆಲಸವನ್ನು 2000ದಲ್ಲಿ ಜಪಾನಿನ ತೋಶಿಕಿ ತಮುರಾ ಮತ್ತು ಜೊತೆಗಾರರು ಮಾಡಿ ತೋರಿಸಿದರು. ಸೇರಿಸಿದ ಜೀನ್ ಹುಳುವಿನ ಬೀಜಕೋಶಕ್ಕೆ ಸೇರಬೇಕು, ಇಲ್ಲದಿದ್ದರೆ ಮುಂದಿನ ಪೀಳಿಗೆಗೆ ಹೋಗಲ್ಲ. ಕೋಶಗಳು ಇನ್ನೂ ಬೇರೆಬೇರೆ ಆಗದ ಹೊತ್ತಿನಲ್ಲಿ, ಮೊಟ್ಟೆಯಿಟ್ಟ ಕೆಲವೇ ಗಂಟೆಗಳಲ್ಲಿ, ಚುಚ್ಚಬೇಕು. ಈಗ ಜೀನ್ ತಿದ್ದುವ ಕ್ಯಾಸ್9 ಬಂದಿದೆ. ಅದು ಬೀಜಕೋಶದಲ್ಲಿ ಮಾತ್ರ ತಯಾರಾಗಲಿ ಅಂತ ರೇಷ್ಮೆ ಹುಳುವಿನಲ್ಲಿ ನಾನೋಸ್ ಜೀನಿನ ಸ್ವಿಚ್ಚನ್ನು ಅದಕ್ಕೆ ಜೋಡಿಸುತ್ತಾರೆ. ಜೀಬ್ರಾ ಮೀನಿನಲ್ಲಿ ನಾನೋಸ್‌ನ ಹಿಂಭಾಗವನ್ನೇ ಕ್ಯಾಸ್9 ಸಂದೇಶಕ್ಕೆ ಹೊಲಿಯುತ್ತಾರೆ. ಮೈಯ ಉಳಿದ ಕೋಶಗಳಲ್ಲಿ ಒಂದು ಪುಟ್ಟ ಆರ್‌ಎನ್‌ಎ ಆ ಹಿಂಭಾಗವನ್ನು ಹಿಡಿದು ಸಂದೇಶವನ್ನು ನಾಶ ಮಾಡುತ್ತದೆ. ಬೀಜಕೋಶದಲ್ಲಿ ಡೆಡ್ ಎಂಡ್ ಎಂಬ ಪ್ರೋಟೀನು ಅದಕ್ಕೆ ಕಾವಲು ನಿಲ್ಲುತ್ತದೆ. ನಾನು ಇಷ್ಟು ಹೊತ್ತು ಹೇಳಿದ್ದನ್ನು ಅವರು ಸಲಕರಣೆಯಾಗಿ ಬಳಸುತ್ತಿದ್ದಾರೆ. ಮೀನಿನ ಮೊಟ್ಟೆ ಮೆತ್ತಗಿರುತ್ತದೆ, ಗಾಜಿನ ಸೂಜಿ ಸಲೀಸಾಗಿ ಇಳಿಯುತ್ತದೆ. ರೇಷ್ಮೆ ಮೊಟ್ಟೆಯ ಸಿಪ್ಪೆ ಎಷ್ಟು ಗಟ್ಟಿ ಅಂತ ನಿಮಗೇ ಗೊತ್ತು. ಅದಕ್ಕೆ ಮೊದಲು ಟಂಗ್‌ಸ್ಟನ್ ಸೂಜಿಯಿಂದ ತೂತು ಮಾಡಿ, ಆ ತೂತಿನಲ್ಲೇ ಗಾಜಿನ ಸೂಜಿ ಇಳಿಸಿ, ಆಮೇಲೆ ಅಂಟು ಹಾಕಿ ಮುಚ್ಚಬೇಕು.